ಎರಡು ಡಿಗ್ರಿಯ ವರ್ಷ

(ಬೆಟ್ಟದೂರುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಪರಿಸರ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡಿನ ಕೃಷಿಕನಿಗೆ ವರ್ಷವೆಂದರೆ ಮಳೆನಕ್ಷತ್ರಗಳ ಲೆಕ್ಕ. ರೋಹಿಣಿಯಲ್ಲಿ ಬಿತ್ತನೆಯ ಸಿದ್ಧತೆ, ಮೃಗಶಿರದಲ್ಲಿ ಮಳೆಯ ಪ್ರವೇಶ, ಆರಿದ್ರಾ–ಪುನರ್ವಸುಗಳಲ್ಲಿ ಹೊಳೆ ಉಕ್ಕುವ ಸಂಭ್ರಮ ಮತ್ತು ದಿಗಿಲು, ಆಶ್ಲೇಷದ ಹೊತ್ತಿಗೆ ಅಡಕೆಗೆ ಕೊಳೆ ತಗಲೀತೆಂಬ ಆತಂಕ, ಸ್ವಾತಿ ಕಳೆದ ಮೇಲೆ ಅಂಗಳ ಕೆತ್ತಿ ಅಟ್ಟ ಕಟ್ಟುವ ಗಡಿಬಿಡಿ. ಆಮೇಲೆ ಇಬ್ಬನಿ, ಚಳಿ, ಬೆಂಕಿಯ ಮುಂದಿನ ಹರಟೆ. ಅದರಾಚೆ ಬಾವಿಯ ನೀರು ಕೆಳಗಿಳಿಯುವ ಬೇಸಗೆ. ಕಾಲ ಸರಿಯುತ್ತಿದೆ ಎಂಬುದನ್ನು ಇಲ್ಲಿ ಪಂಚಾಂಗಕ್ಕಿಂತ ಮೊದಲು ಮೈ ಹೇಳುತ್ತದೆ.

ಈ ಲೆಕ್ಕವೆಲ್ಲ ಅಳಿಸಿಹೋದ ಒಂದು ಊರನ್ನು ಊಹಿಸಿಕೊಳ್ಳುವುದು ಕಷ್ಟ. ಜನವರಿಯ ಮಧ್ಯಾಹ್ನಕ್ಕೂ ಜುಲೈ ತಿಂಗಳ ಮಧ್ಯಾಹ್ನಕ್ಕೂ ವ್ಯತ್ಯಾಸ ಕಾಣದ, ಕಂಬಳಿಯನ್ನೂ ಕೊಪ್ಪೆಯನ್ನೂ ಕಾಲಕ್ಕೆ ತಕ್ಕಂತೆ ಒಳಗಿಟ್ಟು ಹೊರತೆಗೆಯುವ ಅಗತ್ಯವೇ ಬೀಳದ ಊರು ಅದು. ಅಂತಹ ಊರುಗಳು ಭೂಮಧ್ಯರೇಖೆಯ ಇಕ್ಕೆಲಗಳಲ್ಲಿ ಹಲವಾರಿವೆ. ಅವುಗಳಲ್ಲಿ ಹವಾಮಾನದ ದಾಖಲೆಗಳನ್ನು ಬಹುಕಾಲದಿಂದ ಶ್ರದ್ಧೆಯಿಂದ ಇಟ್ಟುಕೊಂಡು ಬಂದಿರುವ ಸಿಂಗಪುರ ಇಂದಿನ ಉಪನ್ಯಾಸದ ವಸ್ತು. ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 140 ಕಿಲೋಮೀಟರ್ ದೂರದಲ್ಲಿರುವ ಈ ದ್ವೀಪನಗರದ ವಿಸ್ತೀರ್ಣ ಸುಮಾರು 735 ಚದರ ಕಿಲೋಮೀಟರ್. ಅದರಲ್ಲೂ ಒಂದು ಪಾಲು ಸಮುದ್ರವನ್ನು ತುಂಬಿ ಪಡೆದ ನೆಲ. ಅಲ್ಲಿ ನೆಲೆಸಿರುವ ಜನ ಸುಮಾರು ಅರವತ್ತು ಲಕ್ಷ.

ಭೂಮಧ್ಯರೇಖೆ ಎಂದೊಡನೆ ಬೆಂಕಿಯಂತೆ ಸುಡುವ ನೆಲವೆಂಬ ಕಲ್ಪನೆ ಅನೇಕರಲ್ಲಿದೆ. ಅದು ಸರಿಯಲ್ಲ. ಸಿಂಗಪುರದಲ್ಲಿ ಈವರೆಗೆ ದಾಖಲಾದ ಅತ್ಯಧಿಕ ಉಷ್ಣಾಂಶ 37 ಡಿಗ್ರಿ ಸೆಲ್ಸಿಯಸ್ ಮಾತ್ರ. 1983ರ ಏಪ್ರಿಲ್‌ನಲ್ಲೊಮ್ಮೆ, 2023ರ ಮೇ ತಿಂಗಳಲ್ಲೊಮ್ಮೆ. ರಾಯಚೂರು, ಕಲಬುರಗಿಗಳು ಬೇಸಗೆಯಲ್ಲಿ ನಲವತ್ತನ್ನು ದಾಟುವುದು ವರ್ಷವರ್ಷದ ಮಾತು. ಹಾಗೆಯೇ ಅಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 19 ಡಿಗ್ರಿ, 1989ರ ಫೆಬ್ರವರಿಯಲ್ಲಿ. ದಶಕಗಳ ದಾಖಲೆಯ ತುತ್ತತುದಿಗೂ ತಳಕ್ಕೂ ನಡುವೆ ಇರುವುದು ಹದಿನೆಂಟೇ ಡಿಗ್ರಿ. ಬಯಲುಸೀಮೆಯ ಎಷ್ಟೋ ಊರುಗಳು ಇಷ್ಟನ್ನು ಚಳಿಗಾಲದ ಒಂದೇ ದಿನದಲ್ಲಿ, ಬೆಳಗಿನ ಜಾವದಿಂದ ಮಧ್ಯಾಹ್ನದೊಳಗೆ, ಕಂಡುಬಿಡುತ್ತವೆ.

ತಿಂಗಳುಗಳ ಸರಾಸರಿ ಇನ್ನೂ ಸೋಜಿಗದ್ದು. 1991ರಿಂದ 2020ರವರೆಗಿನ ಲೆಕ್ಕದಂತೆ ಅಲ್ಲಿ ಅತ್ಯಂತ ತಂಪಾದ ತಿಂಗಳುಗಳಾದ ಡಿಸೆಂಬರ್ ಮತ್ತು ಜನವರಿಯ ಸರಾಸರಿ ಉಷ್ಣಾಂಶ 26.8 ಡಿಗ್ರಿ, ಅತ್ಯಂತ ಬಿಸಿಯಾದ ಮೇ ತಿಂಗಳ ಸರಾಸರಿ 28.6 ಡಿಗ್ರಿ. ಇಡೀ ವರ್ಷದ ಏರಿಳಿತ ಎರಡು ಡಿಗ್ರಿಯನ್ನೂ ಮುಟ್ಟುವುದಿಲ್ಲ. ಸೂರ್ಯ ಅಲ್ಲಿ ವರ್ಷವಿಡೀ ನೆತ್ತಿಯ ಆಸುಪಾಸಿನಲ್ಲೇ ಸಂಚರಿಸುತ್ತಾನೆ. ಅತಿ ದೀರ್ಘ ಹಗಲಿಗೂ ಅತಿ ಹ್ರಸ್ವ ಹಗಲಿಗೂ ಇರುವ ಅಂತರ ಹತ್ತು ನಿಮಿಷಗಳ ಆಸುಪಾಸು. ಬೆಂಗಳೂರಿನಲ್ಲಿ ಇದೇ ಅಂತರ ಸುಮಾರು ಒಂದೂವರೆ ಗಂಟೆ. ಉತ್ತರಾಯಣ, ದಕ್ಷಿಣಾಯನಗಳು ಆ ಊರಿನ ಮಟ್ಟಿಗೆ ಹೆಸರಿಗಷ್ಟೆ. ಜೊತೆಗೆ ಸುತ್ತಲೂ ಕಡಲು. ಕಡಲ ನೀರು ಬೇಗ ಕಾಯುವುದೂ ಇಲ್ಲ, ಬೇಗ ಆರುವುದೂ ಇಲ್ಲ. ಬಿಸಿಲಿನ ಶಾಖದ ದೊಡ್ಡ ಪಾಲು ನೀರನ್ನು ಆವಿಯಾಗಿಸುವುದಕ್ಕೆ ವ್ಯಯವಾಗುತ್ತದೆ. ಆ ಆವಿ ಮೋಡವಾಗಿ ನಿಂತು ಮರುದಿನದ ಬಿಸಿಲನ್ನು ತಡೆಯುತ್ತದೆ.

ಹಾಗಾದರೆ ಅಲ್ಲಿ ಬದಲಾವಣೆಯೇ ಇಲ್ಲವೆ? ಇದೆ. ಅದು ತಿಂಗಳುಗಳ ನಡುವೆ ಇಲ್ಲ, ಒಂದೇ ದಿನದ ಒಳಗಿದೆ. ಹಗಲಿನಲ್ಲಿ 31–32 ಡಿಗ್ರಿಗೆ ಏರುವ ಉಷ್ಣಾಂಶ ಬೆಳಗಿನ ಜಾವಕ್ಕೆ 24–25ಕ್ಕೆ ಇಳಿಯುತ್ತದೆ. ಹಗಲಿರುಳಿನ ಈ ಆರೇಳು ಡಿಗ್ರಿಯ ಅಂತರ ಚಳಿಗಾಲ–ಬೇಸಗೆಗಳ ಅಂತರದ ಮೂರು ಪಟ್ಟಿಗೂ ಹೆಚ್ಚು. ಋತುಗಳು ಅಲ್ಲಿ ವರ್ಷಕ್ಕೊಮ್ಮೆ ಬರುವುದಿಲ್ಲ, ದಿನಕ್ಕೊಮ್ಮೆ ಬರುತ್ತವೆ ಎನ್ನಬಹುದು. ಬೆಳಿಗ್ಗೆ ಗಾಳಿ ನಿಶ್ಚಲ, ಎಲೆಯ ಮೇಲೆ ತೇವ, ಆರ್ದ್ರತೆ ಪ್ರತಿಶತ 90ನ್ನು ಮೀರಿರುತ್ತದೆ. ಹತ್ತು ಗಂಟೆಯ ನಂತರ ನೆಲ ಕಾದು, ಬಿಸಿಗಾಳಿ ಮೇಲೇಳತೊಡಗುತ್ತದೆ. ದ್ವೀಪದ ಎಲ್ಲ ಬದಿಗಳಿಂದ ಕಡಲಗಾಳಿ ಒಳನುಗ್ಗಿ ನಡುವೆ ಸಂಧಿಸುವಲ್ಲಿ ಮೋಡ ಗೋಪುರದಂತೆ ಬೆಳೆಯುತ್ತದೆ. ಅಪರಾಹ್ನ ಗುಡುಗು, ಸಿಡಿಲು, ಬೀದಿ ತುಂಬ ನೀರು. ಒಂದೆರಡು ಗಂಟೆಯಲ್ಲಿ ಎಲ್ಲವೂ ಮುಗಿದು ಆಕಾಶ ತೊಳೆದಂತಾಗುತ್ತದೆ. ವರ್ಷದಲ್ಲಿ ಸರಾಸರಿ 170ರಷ್ಟು ದಿನ ಮಳೆ ಬೀಳುತ್ತದೆ. ಗುಡುಗು ಕೇಳುವ ದಿನಗಳೂ ಸರಿಸುಮಾರು ಅಷ್ಟೇ. ಮಲೆನಾಡಿನಲ್ಲಿ ಗುಡುಗು ಎಂದರೆ ಮುಂಗಾರಿನ ಮುನ್ನ ಮತ್ತು ಹಿಂಗಾರಿನ ಕೊನೆಯ ಮಾತು. ಆಷಾಢದ ಸೋನೆಗೆ ಗುಡುಗಿನ ಹಂಗಿಲ್ಲ. ಅಲ್ಲಿ ಅಂತಹ ಸೋನೆ ಅಪರೂಪ.

ಮಾರುತಗಳು ಇಲ್ಲವೆಂದಲ್ಲ. ಡಿಸೆಂಬರಿನಿಂದ ಮಾರ್ಚ್ ಆರಂಭದವರೆಗೆ ದಕ್ಷಿಣ ಚೀನಾ ಸಮುದ್ರದ ಮೇಲಿನಿಂದ ಈಶಾನ್ಯ ಮಾರುತ ಬೀಸುತ್ತದೆ. ಅದರ ಮೊದಲರ್ಧದಲ್ಲಿ ದಿನಗಟ್ಟಲೆ ಬಿಡದೆ ಮಳೆ ಸುರಿಯುವುದುಂಟು. ಡಿಸೆಂಬರ್ ಅತಿ ಹೆಚ್ಚು ಮಳೆಯ ತಿಂಗಳು, ಫೆಬ್ರವರಿ ಅತಿ ಕಡಿಮೆ ಮಳೆಯದು. 2018ರ ಜನವರಿಯಲ್ಲಿ ಹೀಗೆ ಮಳೆ ಹಿಡಿದು ಕೆಲವು ದಿನ ಉಷ್ಣಾಂಶ 22 ಡಿಗ್ರಿಯ ಆಸುಪಾಸಿಗೆ ಇಳಿದಾಗ ಜನ ಸ್ವೆಟರ್ ಹುಡುಕಿ ತೊಟ್ಟು ಸಂಭ್ರಮಿಸಿದರು. ಮಲೆನಾಡಿಗೆ ಜೀವಾಳವಾದ ಜೂನ್–ಸೆಪ್ಟೆಂಬರ್‌ನ ನೈಋತ್ಯ ಮಾರುತ ಅಲ್ಲಿಗೆ ತಕ್ಕಮಟ್ಟಿಗೆ ಒಣ ಕಾಲ. ಪಶ್ಚಿಮಕ್ಕೆ ಸುಮಾತ್ರ ದ್ವೀಪದ ಬೆಟ್ಟಸಾಲು ಅಡ್ಡ ನಿಂತಿದೆ. ಘಟ್ಟದ ಪೂರ್ವದ ಬಯಲುಸೀಮೆಯನ್ನು ಬಲ್ಲವರಿಗೆ ಮಳೆನೆರಳಿನ ಈ ಮರ್ಮವನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಅದೇ ಕಾಲದಲ್ಲಿ ಸುಮಾತ್ರದ ಕಡೆಯಿಂದ ಕೆಲವೊಮ್ಮೆ ಬೆಳಗಿನ ಜಾವ ಗುಡುಗು–ಗಾಳಿಗಳ ಒಂದು ಸಾಲು ಜಲಸಂಧಿಯನ್ನು ದಾಟಿ ಬಂದು ಊರನ್ನು ಅಪ್ಪಳಿಸಿ ಹೋಗುತ್ತದೆ. ಅದನ್ನು ಆ ಜನ ‘ಸುಮಾತ್ರ’ ಎಂದೇ ಕರೆಯುತ್ತಾರೆ.

ಚಂಡಮಾರುತದ ಭಯ ಭೂಮಧ್ಯರೇಖೆಯ ಬಳಿ ಇಲ್ಲವೆಂದು ಪಠ್ಯಪುಸ್ತಕಗಳು ಹೇಳುತ್ತಿದ್ದವು. ಭೂಮಿಯ ಆವರ್ತನೆಯಿಂದ ಗಾಳಿಗೆ ದೊರೆಯುವ ತಿರುವು ಅಲ್ಲಿ ಇಲ್ಲವೆನ್ನುವಷ್ಟು ಕಡಿಮೆಯಾದುದರಿಂದ ಸುಳಿ ಕಟ್ಟುವುದಿಲ್ಲ ಎಂಬುದು ಕಾರಣ. 2001ರ ಡಿಸೆಂಬರ್ 27ರಂದು ‘ವಾಮೆಯ್’ ಎಂಬ ಚಂಡಮಾರುತ ಭೂಮಧ್ಯರೇಖೆಯಿಂದ ಒಂದೂವರೆ ಡಿಗ್ರಿ ಮಾತ್ರ ಉತ್ತರಕ್ಕೆ, ಸಿಂಗಪುರದ ನೆರೆಯಲ್ಲೇ, ಸುಳಿ ಕಟ್ಟಿ ಜೊಹೋರ್ ಕರಾವಳಿಯನ್ನು ಹೊಕ್ಕಿತು. ಪಠ್ಯದ ನಿಯಮ ಬಹುಮಟ್ಟಿಗೆ ಸರಿ. ಆದರೆ ನಿಸರ್ಗ ಪಠ್ಯವನ್ನು ಓದಿ ನಡೆಯುವುದಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರಬೇಕು. ಒಂದು ಊರಿನ ಇಡೀ ವರ್ಷದ ಏರಿಳಿತ ಎರಡು ಡಿಗ್ರಿಯೊಳಗೇ ಇರುವಾಗ, ಅಲ್ಲಿ ಒಂದು ಡಿಗ್ರಿಯ ಏರಿಕೆ ಎಂದರೇನು? ದೆಹಲಿಯಂತಹ ಊರಿನಲ್ಲಿ ಚಳಿಗಾಲಕ್ಕೂ ಬೇಸಗೆಗೂ ಇಪ್ಪತ್ತು ಡಿಗ್ರಿಯ ಅಂತರವಿರುವಲ್ಲಿ ಒಂದು ಡಿಗ್ರಿ ಅಷ್ಟಾಗಿ ಗಮನಕ್ಕೆ ಬಾರದು. ಸಿಂಗಪುರದಲ್ಲಿ ಅದು ಅರ್ಧ ಋತುವಿನಷ್ಟು. ತಂಪಿನ ಡಿಸೆಂಬರ್ ಎರಡು ಡಿಗ್ರಿ ಏರಿದರೆ ಅದು ಹಳೆಯ ಮೇ ತಿಂಗಳೇ ಆಗಿಬಿಡುತ್ತದೆ. ಅಲ್ಲಿನ ಹವಾಮಾನ ಇಲಾಖೆಯ ದಾಖಲೆಗಳ ಪ್ರಕಾರ ಕಳೆದ ಶತಮಾನದ ಮಧ್ಯಭಾಗದಿಂದೀಚೆಗೆ ಪ್ರತಿ ದಶಕಕ್ಕೆ ಸುಮಾರು ಕಾಲು ಡಿಗ್ರಿಯಂತೆ ಉಷ್ಣಾಂಶ ಏರಿದೆ. 2016, 2019 ಮತ್ತು 2024 ಮೂರೂ ವರ್ಷಗಳ ಸರಾಸರಿ 28.4 ಡಿಗ್ರಿಯನ್ನು ಮುಟ್ಟಿ ದಾಖಲೆಯನ್ನು ಹಂಚಿಕೊಂಡಿವೆ. 28.4 ಎಂದರೆ ಮೂವತ್ತು ವರ್ಷಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಜೂನ್ ತಿಂಗಳ ಸೆಕೆ. ಅದು ವರ್ಷವಿಡೀ ಹರಡಿಕೊಂಡಂತಾಯಿತು.

ಈ ಏರಿಕೆ ಎಲ್ಲವೂ ಜಗತ್ತಿನ ಹೊಗೆಯಿಂದ ಬಂದದ್ದಲ್ಲ. ಊರು ತಾನೇ ಕೂಡಿಹಾಕಿಕೊಂಡ ಶಾಖವೂ ಅದರಲ್ಲಿದೆ. ಕಾಂಕ್ರೀಟು, ಡಾಂಬರು ಹಗಲಿನ ಬಿಸಿಲನ್ನು ಹೀರಿಟ್ಟುಕೊಂಡು ಇರುಳೆಲ್ಲ ಬಿಡುತ್ತವೆ. ಎತ್ತರದ ಕಟ್ಟಡಗಳ ನಡುವಿನ ಓಣಿಯಿಂದ ಆ ಶಾಖ ಆಕಾಶಕ್ಕೆ ತಪ್ಪಿಸಿಕೊಳ್ಳಲಾರದು. 2000ದ ದಶಕದಲ್ಲಿ ಅಲ್ಲಿನ ಸಂಶೋಧಕರು ಅಳೆದು ನೋಡಿದಾಗ, ಸೂರ್ಯಾಸ್ತದ ನಂತರದ ಕೆಲವು ಗಂಟೆಗಳಲ್ಲಿ ನಗರದ ವಾಣಿಜ್ಯ ಕೇಂದ್ರಕ್ಕೂ ಹಸಿರು ಉಳಿದಿರುವ ಹೊರವಲಯಕ್ಕೂ ಏಳು ಡಿಗ್ರಿಯವರೆಗೂ ಅಂತರ ಕಂಡುಬಂದಿತ್ತು. ಇದು ಎಲ್ಲ ರಾತ್ರಿಗಳ ಮಾತಲ್ಲ, ಮೋಡವಿಲ್ಲದ ನಿಶ್ಚಲ ರಾತ್ರಿಗಳ ಗರಿಷ್ಠ ಅಂತರ. ಆದರೂ ಏಳು ಡಿಗ್ರಿ! ಹಗಲಿರುಳಿನ ಅಂತರ ಇದ್ದುದೇ ಅಷ್ಟು. ಚಳಿಗಾಲವಿಲ್ಲದ ಊರಿಗೆ ಇರುಳೇ ಚಳಿಗಾಲ. ಆ ಚಳಿಗಾಲವನ್ನು ಕಾಂಕ್ರೀಟು ನುಂಗಿತು.

ಬೆಂದ ಮೈಗೆ ರಾತ್ರಿಯ ತಂಪು ಬೇಕು. ದಿನವಿಡೀ ದುಡಿದ ದೇಹ ನಿದ್ದೆಯಲ್ಲಿ ಶಾಖವನ್ನು ಕಳೆದುಕೊಂಡು ಮರುದಿನಕ್ಕೆ ಅಣಿಯಾಗುತ್ತದೆ. ಅಲ್ಲಿನ ಗಾಳಿಯಲ್ಲಿ ಬೆವರು ಸುಲಭವಾಗಿ ಆರುವುದಿಲ್ಲ. ಆರದ ಬೆವರು ತಂಪು ಕೊಡದು. ಹಣವುಳ್ಳವರು ಇದಕ್ಕೆ ಹವಾನಿಯಂತ್ರಕವನ್ನು ಕಂಡುಕೊಂಡರು. ಸಿಂಗಪುರದ ಮೊದಲ ಪ್ರಧಾನಿ ಲೀ ಕ್ವಾನ್ ಯೂ ಅವರು ತಮ್ಮ ದೇಶದ ಏಳಿಗೆಗೆ ನೆರವಾದವುಗಳಲ್ಲಿ ಹವಾನಿಯಂತ್ರಣಕ್ಕೆ ಹಿರಿಯ ಸ್ಥಾನವನ್ನು ಕೊಟ್ಟಿದ್ದರು. ಆ ಮಾತಿನಲ್ಲಿ ಸತ್ಯವಿಲ್ಲದಿಲ್ಲ. ಆದರೆ ಆ ಯಂತ್ರ ಶಾಖವನ್ನು ಇಲ್ಲವಾಗಿಸುವುದಿಲ್ಲ, ಕೋಣೆಯ ಒಳಗಿನದನ್ನು ಹೊರಗೆ ಎಸೆಯುತ್ತದೆ. ತಾನು ದುಡಿದ ಬಿಸಿಯನ್ನೂ ಅದಕ್ಕೆ ಕೂಡಿಸುತ್ತದೆ. ಕಿಟಕಿಯ ಒಳಗಿನವನ ತಂಪಿನ ಬೆಲೆಯನ್ನು ಕಿಟಕಿಯ ಹೊರಗಿನವನು ತೆರುತ್ತಾನೆ.

ಹೊರಗಿರುವವರು ಯಾರು? ಆ ನಗರದ ಕಟ್ಟಡಗಳನ್ನು ಕಟ್ಟುವ, ರಸ್ತೆ ಅಗೆಯುವ, ಹಡಗುಕಟ್ಟೆಯಲ್ಲಿ ಬೆಸುಗೆ ಹಾಕುವ ಕಾರ್ಮಿಕರು. ಅವರಲ್ಲಿ ಬಹಳ ಮಂದಿ ತಮಿಳುನಾಡಿನಿಂದಲೂ ಬಾಂಗ್ಲಾದೇಶದಿಂದಲೂ ಹೋದವರು. ಒಂದೊಂದು ಕೋಣೆಯಲ್ಲಿ ಹಲವರು ಮಲಗುವ ವಸತಿಗಳಲ್ಲಿ ಇರುವವರು. ಉಷ್ಣಾಂಶ, ಆರ್ದ್ರತೆ, ಬಿಸಿಲು, ಗಾಳಿ ಈ ನಾಲ್ಕನ್ನೂ ಕೂಡಿಸಿ ಲೆಕ್ಕ ಹಾಕುವ ಒಂದು ಸೂಚ್ಯಂಕ 32 ಡಿಗ್ರಿ ಮುಟ್ಟಿದರೆ, ಹೊರಾಂಗಣದಲ್ಲಿ ಕಠಿಣ ಶ್ರಮದ ಕೆಲಸ ಮಾಡುವವರಿಗೆ ಗಂಟೆಗೆ ಕನಿಷ್ಠ 10 ನಿಮಿಷ ನೆರಳಿನ ವಿಶ್ರಾಂತಿ ಕೊಡಬೇಕೆಂದು 2023ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ವಿಧಿಸಿತು. ಬೇಗ ಬಂದ ನಿಯಮವೇನಲ್ಲ, ಬಂದದ್ದು ಒಳ್ಳೆಯದು. ನೆತ್ತಿಯ ಮೇಲೆ ಬಿಸಿಲಿರುವಾಗ ಕೊನೆಗೊಯ್ಲಿಗೆ ಮರ ಏರುವವರನ್ನು, ಜಂಬಿಟ್ಟಿಗೆ ಕಲ್ಲು ಕಡಿಯುವವರನ್ನು ಕಂಡವರು ಈ ಹತ್ತು ನಿಮಿಷದ ಬೆಲೆಯನ್ನು ಬಲ್ಲರು.

ಹಿಂದಿನ ಸಿಂಗಪುರ ಈ ಹವೆಗೆ ಬೇರೆಯ ಉತ್ತರಗಳನ್ನೂ ಕಂಡುಕೊಂಡಿತ್ತು. 1822ರಲ್ಲಿ ಸ್ಟ್ಯಾಂಫರ್ಡ್ ರಾಫಲ್ಸ್ ರೂಪಿಸಿದ ನಗರಯೋಜನೆಯಲ್ಲಿ ಪ್ರತಿ ಅಂಗಡಿಮನೆಯ ಮುಂದೆ ಮಾಡು ಇಳಿಸಿದ ಜಗಲಿ ಇರಬೇಕು, ಅದು ಬೀದಿಯುದ್ದಕ್ಕೂ ಒಂದಕ್ಕೊಂದು ಸೇರಿರಬೇಕು ಎಂಬ ವಿಧಿ ಇತ್ತು. ‘ಐದಡಿ ದಾರಿ’ ಎಂದು ಹೆಸರಾದ ಆ ಜಗಲಿಯ ಮೇಲೆ ಬಿಸಿಲು ಮಳೆಗಳೆರಡಕ್ಕೂ ಅಂಜದೆ ಊರಿಡೀ ನಡೆಯಬಹುದಿತ್ತು. ಹಳೆಯ ಮನೆಗಳ ನಡುವಿನ ತೆರೆದ ಅಂಗಳ ಬಿಸಿಗಾಳಿಯನ್ನು ಮೇಲಕ್ಕೆ ಬಿಡುತ್ತಿತ್ತು. ಮಲೆನಾಡಿನ ತೊಟ್ಟಿಮನೆಯನ್ನು ಕೆಡವಿ ತಾರಸಿ ಹಾಕಿಸಿ, ಆಮೇಲೆ ಫ್ಯಾನಿನ ಕೆಳಗೆ ಕೂತು ಸೆಕೆ ಎನ್ನುವವರು ಇದನ್ನು ಸ್ವಲ್ಪ ಯೋಚಿಸಬಹುದು. ಇಂದಿನ ಸಿಂಗಪುರದಲ್ಲಿಯೂ ಮೆಚ್ಚಬೇಕಾದ ಒಂದು ಸಂಗತಿ ಇದೆ. 1963ರಿಂದ ಮರ ನೆಡುವುದನ್ನು ಸರ್ಕಾರದ ಕೆಲಸವಾಗಿಯೇ ನಡೆಸಿಕೊಂಡು ಬಂದಿದ್ದಾರೆ. ಹೆದ್ದಾರಿಗಳ ಇಕ್ಕೆಲಗಳಲ್ಲಿ ಮಳೆಮರಗಳು ಕೊಡೆ ಹಿಡಿದು ನಿಂತಿವೆ. ರಸ್ತೆ ಅಗಲಿಸಬೇಕೆಂದರೆ ಮೊದಲು ಮರದ ಬುಡಕ್ಕೆ ಕೊಡಲಿ ಹಾಕುವ ರೂಢಿಯೊಂದೇ ದಾರಿಯಲ್ಲ ಎಂಬುದನ್ನು ಅವು ತೋರಿಸುತ್ತವೆ.

ನೆಟ್ಟ ಮರ ಬೇರೆ, ಕಾಡು ಬೇರೆ. ಆ ದ್ವೀಪದ ಕಾಡಿನ ಕತೆಯನ್ನು ಅಡಕೆ, ಮೆಣಸು ಬೆಳೆಯುವವರು ಕೇಳಲೇಬೇಕು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಬಂದ ಚೀನೀ ಕೃಷಿಕರು ಗ್ಯಾಂಬಿಯರ್ ಎಂಬ ಗಿಡವನ್ನೂ ಕಾಳುಮೆಣಸನ್ನೂ ಜೊತೆಜೊತೆಯಾಗಿ ಬೆಳೆದರು. ಗ್ಯಾಂಬಿಯರ್ ಎಲೆಯನ್ನು ಕುದಿಸಿ ಬತ್ತಿಸಿದರೆ ಕಾಚಿನಂತಹ ಒಗರು ವಸ್ತು ಸಿಗುತ್ತಿತ್ತು. ಅದು ವೀಳ್ಯದ ಜೊತೆಗೂ ಯುರೋಪಿನ ಚರ್ಮ ಹದಮಾಡುವ ಕಾರ್ಖಾನೆಗಳಿಗೂ ಹೋಗುತ್ತಿತ್ತು. ಕುದಿಸಿ ಉಳಿದ ಸೊಪ್ಪು ಮೆಣಸಿನ ಬಳ್ಳಿಗೆ ಗೊಬ್ಬರ. ಜಾಣತನದ ಬೇಸಾಯವೇ. ಆದರೆ ಕುದಿಸುವ ಒಲೆಗೆ ಸೌದೆ ಬೇಕು. ಅಡಕೆ ಬೇಯಿಸುವ ಹಂಡೆಯೊಲೆ ಎಷ್ಟು ಸೌದೆಯನ್ನು ಉಣ್ಣುತ್ತದೆ ಎಂಬುದು ಇಲ್ಲಿ ಕುಳಿತವರಿಗೆ ಗೊತ್ತು. ಸುತ್ತಲ ಕಾಡೆಲ್ಲ ಒಲೆಗೆ ಹೋಯಿತು. ಕೆಲವೇ ವರ್ಷಗಳಲ್ಲಿ ಮಣ್ಣು ಸಾರ ಕಳೆದುಕೊಂಡಿತು. ಕೃಷಿಕರು ಆ ನೆಲವನ್ನು ಬಿಟ್ಟು ಮುಂದಿನ ಕಾಡಿಗೆ, ಕೊನೆಗೆ ಜಲಸಂಧಿ ದಾಟಿ ಜೊಹೋರಿಗೆ ಹೋದರು. 1880ರ ದಶಕದ ಆರಂಭದಲ್ಲಿ ಅಲ್ಲಿನ ಸಸ್ಯೋದ್ಯಾನದ ಮೇಲ್ವಿಚಾರಕ ನಥಾನಿಯಲ್ ಕ್ಯಾಂಟ್ಲಿ ಅರಣ್ಯ ಸ್ಥಿತಿಯ ವರದಿ ಸಿದ್ಧಪಡಿಸುವಾಗ ಮೂಲಕಾಡಿನ ಅಲ್ಪ ಭಾಗ ಮಾತ್ರ ಉಳಿದಿತ್ತು. ಆಗ ಕಾದಿಟ್ಟ ತುಣುಕುಗಳಲ್ಲಿ ಬುಕಿತ್ ತಿಮಾ ಒಂದು. ಸುಮಾರು 164 ಮೀಟರ್ ಎತ್ತರದ ಆ ದಿಬ್ಬವೇ ಸಿಂಗಪುರದ ಅತ್ಯುನ್ನತ ಸ್ಥಳ. ಸಹ್ಯಾದ್ರಿಯ ಮಕ್ಕಳು ಅದನ್ನು ಗುಡ್ಡವೆಂದು ಒಪ್ಪುವುದೂ ಅನುಮಾನ. ಆದರೆ 1854ರಲ್ಲಿ ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಸುಮಾರು ಎರಡು ತಿಂಗಳಲ್ಲಿ 700ರಷ್ಟು ಬಗೆಯ ಜೀರುಂಡೆಗಳನ್ನು ಸಂಗ್ರಹಿಸಿದ್ದು ಅದೇ ಆಸುಪಾಸಿನ ಕಾಡಿನಲ್ಲಿ.

ಆ ಕಾಡಿನ ಹಿರಿಯ ಮರಗಳು ಇಲ್ಲಿನ ಧೂಪದ ಮರದ ಸೋದರ ಕುಲದವು. ಧೂಪ ಬೇಸಗೆಯಲ್ಲಿ ಹೂವಾಗಿ ಮುಂಗಾರಿನ ಒದ್ದೆ ಮಣ್ಣಿಗೆ ಬೀಜ ಉದುರಿಸುತ್ತದೆ. ಅದಕ್ಕೆ ಕಾಲದ ಗುರುತು ಸಿಗುತ್ತದೆ. ಋತುವೇ ಇಲ್ಲದ ಮಲಯ, ಬೋರ್ನಿಯೋಗಳ ಕಾಡಿನಲ್ಲಿ ಅದರ ಸೋದರರು ಏನು ಮಾಡಬೇಕು? ಅವು ಕಾಯುತ್ತವೆ. ಎರಡು ವರ್ಷ, ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು. ಎಂದೋ ಒಮ್ಮೆ ಕೆಲವು ವಾರ ಮಳೆ ತಪ್ಪಿ ಆಕಾಶ ತಿಳಿಯಾಗಿ, ರಾತ್ರಿಯ ಉಷ್ಣಾಂಶ ವಾಡಿಕೆಗಿಂತ ಒಂದೆರಡು ಡಿಗ್ರಿ ಇಳಿದರೆ, ಅದನ್ನೇ ಸೂಚನೆಯಾಗಿ ಹಿಡಿದು ನೂರಾರು ಮೈಲಿಯ ಉದ್ದಗಲಕ್ಕೂ ಬಗೆಬಗೆಯ ಮರಗಳು ಒಟ್ಟಿಗೆ ಹೂ ಬಿಡುತ್ತವೆ. ಹಂದಿ, ಹೆಗ್ಗಣ, ಹುಳುಗಳು ತಿಂದು ಮಿಗುವಷ್ಟು ಬೀಜ ಒಮ್ಮೆಗೇ ಬೀಳುವುದರಿಂದ ಕೆಲವಾದರೂ ಮೊಳೆಯುತ್ತವೆ. ಮನುಷ್ಯನಿಗೆ ಗೊತ್ತೂ ಆಗದ ಎರಡು ಡಿಗ್ರಿಯ ತಂಪಿನ ಮೇಲೆ ಒಂದು ಕಾಡಿನ ಸಂತಾನ ನಿಂತಿದೆ.

ಇನ್ನು ನೀರು. ಸಿಂಗಪುರದ ವಾರ್ಷಿಕ ಮಳೆ ಸರಾಸರಿ 2,100 ಮಿಲಿಮೀಟರಿಗೂ ಹೆಚ್ಚು, ಅದೂ ಹನ್ನೆರಡು ತಿಂಗಳಿಗೆ ಹಂಚಿ. ಇಷ್ಟು ಮಳೆಯ ಊರು ನೀರಿಗೆ ಪರರನ್ನು ಅವಲಂಬಿಸಿದೆ ಎಂದರೆ ನಂಬುವುದು ಕಷ್ಟ. 1927ರಿಂದಲೇ ನೆರೆಯ ಜೊಹೋರ್‌ನಿಂದ ನೀರು ತರುವ ಒಪ್ಪಂದಗಳಿವೆ. ಈಗ ಜಾರಿಯಲ್ಲಿರುವ 1962ರ ಒಪ್ಪಂದದಂತೆ ದಿನಕ್ಕೆ 25 ಕೋಟಿ ಗ್ಯಾಲನ್, ಅಂದರೆ ಸುಮಾರು 114 ಕೋಟಿ ಲೀಟರಿನವರೆಗೆ ನದಿನೀರನ್ನು ಪಡೆಯಬಹುದು. ಅದರ ಅವಧಿ 2061ಕ್ಕೆ ಮುಗಿಯುತ್ತದೆ. 1963ರಲ್ಲಿ ಮಳೆ ಕೈಕೊಟ್ಟಾಗ ಹತ್ತು ತಿಂಗಳ ಕಾಲ ನೀರನ್ನು ಪಡಿತರದಂತೆ ಹಂಚಬೇಕಾಯಿತು. 2014ರ ಫೆಬ್ರವರಿಯಲ್ಲಿ ಇಡೀ ತಿಂಗಳು ಚಾಂಗಿಯಲ್ಲಿ ಬಿದ್ದ ಮಳೆ 0.2 ಮಿಲಿಮೀಟರ್, 1869ರಿಂದೀಚೆಗಿನ ಅತಿ ಒಣ ತಿಂಗಳು ಅದು. ಇನ್ನೊಂದೆಡೆ 1978ರ ಡಿಸೆಂಬರ್ 2ರಂದು ಒಂದೇ ದಿನದಲ್ಲಿ 512 ಮಿಲಿಮೀಟರ್ ಸುರಿದದ್ದೂ ಅದೇ ದ್ವೀಪದಲ್ಲಿ. ಮಳೆ ಬಂದ ಮಾತ್ರಕ್ಕೆ ನೀರು ಇದ್ದಂತಾಗುವುದಿಲ್ಲ. ಹಿಡಿದಿಡಲು ಬೆಟ್ಟವಿಲ್ಲ, ಶೋಲೆಯಿಲ್ಲ, ಉದ್ದದ ನದಿಯಿಲ್ಲ. ಬಿದ್ದ ಮಳೆ ಗಂಟೆಗಳಲ್ಲೇ ಕಡಲಿಗೆ.

ಇದಕ್ಕೆ ಆ ಜನ ಪಟ್ಟ ಶ್ರಮ ದೊಡ್ಡದು. ನಗರದ ಚರಂಡಿಗಳನ್ನೇ ಕಾಲುವೆಗಳನ್ನಾಗಿ ಮಾಡಿ, ದ್ವೀಪದ ಮೂರನೆಯ ಎರಡು ಪಾಲು ನೆಲದ ಮಳೆಯನ್ನು 17 ಜಲಾಶಯಗಳಿಗೆ ಹರಿಸುತ್ತಾರೆ. ಬಚ್ಚಲಿನ ನೀರನ್ನು 2003ರಿಂದ ದೊಡ್ಡ ಪ್ರಮಾಣದಲ್ಲಿ ಶುದ್ಧೀಕರಿಸಿ ಮರುಬಳಸುತ್ತಿದ್ದಾರೆ. 2005ರಿಂದ ಕಡಲ ನೀರಿನ ಉಪ್ಪನ್ನು ತೆಗೆಯುತ್ತಾರೆ. ಸಾವಿರ ಲೀಟರಿಗೆ ಸುಮಾರು ಮೂರೂವರೆ ಯೂನಿಟ್ ವಿದ್ಯುತ್ತಿನ ವೆಚ್ಚದಲ್ಲಿ. ಬೆಟ್ಟವೊಂದು ತನ್ನ ಮಣ್ಣು, ಬೇರು, ಎಲೆಗೊಬ್ಬರಗಳಿಂದ ಬಿಟ್ಟಿಯಾಗಿ ಮಾಡುವ ಕೆಲಸವನ್ನು ಯಂತ್ರದಿಂದ ಮಾಡಿಸಿದರೆ ಇಷ್ಟು ಬಿಲ್ಲು ಬರುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಆಗುಂಬೆಯಂತಹ ಸೀಮೆಯ ಮನೆಗಳಲ್ಲಿಯೂ ಮಾರ್ಚ್ ತಿಂಗಳಿಗೆ ಬಾವಿ ಬತ್ತುವ ಮಾತು ಕೇಳಿಬಂದರೆ, ದೋಷವನ್ನು ಮಳೆಯ ತಲೆಗೆ ಕಟ್ಟುವ ಮುನ್ನ ಸೊಪ್ಪಿನಬೆಟ್ಟದ ಕಡೆಗೊಮ್ಮೆ ನೋಡುವುದು ಒಳ್ಳೆಯದು.

ಒಂದು ಊರಿನ ಹವೆ ಆ ಊರಿನ ಎಲ್ಲೆಯೊಳಗೇ ಹುಟ್ಟುವುದಿಲ್ಲ ಎಂಬುದಕ್ಕೆ ಹೊಗೆಯ ಕತೆ ಸಾಕ್ಷಿ. ಸುಮಾತ್ರ ಮತ್ತು ಬೋರ್ನಿಯೋಗಳ ತಗ್ಗಿನಲ್ಲಿ ಪೀಟ್ ಎಂಬ ಬಗೆಯ ಜೌಗುನೆಲವಿದೆ. ನೀರಿನಡಿ ಪೂರ್ತಿ ಕೊಳೆಯಲಾರದೆ ಉಳಿದ ಎಲೆ, ಬೇರು, ಕಾಂಡಗಳು ಸಾವಿರಾರು ವರ್ಷ ಪದರಪದರವಾಗಿ ಕೂಡಿ ಮೀಟರುಗಟ್ಟಲೆ ಆಳದ ಕಪ್ಪು ಮಣ್ಣಾದ ನೆಲ ಅದು. ಒದ್ದೆಯಾಗಿರುವವರೆಗೆ ಅದಕ್ಕೆ ಬೆಂಕಿಯ ಭಯವಿಲ್ಲ. 1990ರ ದಶಕದ ನಡುವಿನಲ್ಲಿ ಇಂಡೊನೇಷ್ಯಾ ಸರ್ಕಾರ ಮಧ್ಯ ಕಾಲಿಮಂತಾನದಲ್ಲಿ ಸುಮಾರು ಹತ್ತು ಲಕ್ಷ ಹೆಕ್ಟೇರ್ ನೆಲವನ್ನು ಭತ್ತದ ಗದ್ದೆಯಾಗಿಸುವ ಯೋಜನೆ ಹೂಡಿ, ನಾಲ್ಕು ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದದ ಕಾಲುವೆಗಳನ್ನು ತೋಡಿತು. ಭತ್ತ ಬೆಳೆಯಲಿಲ್ಲ. ಕಾಲುವೆಗಳು ಜೌಗಿನ ನೀರನ್ನು ಬಸಿದು ಒಯ್ದವು. 1997ರ ಎಲ್ ನಿನೊ ಬರಗಾಲದಲ್ಲಿ ಆ ನೆಲ ಒಳಗೊಳಗೇ ಉರಿಯಿತು. ಬೇರೆಡೆ ತಾಳೆ ಎಣ್ಣೆಯ ತೋಟಕ್ಕೂ ಕಾಗದದ ಮರಕ್ಕೂ ಹೀಗೆಯೇ ಜೌಗನ್ನು ಬಸಿದು ಬೆಂಕಿಯಿಟ್ಟು ಸವರಿದರು. ನೈಋತ್ಯ ಮಾರುತದ ಕಾಲದಲ್ಲಿ ಗಾಳಿ ಆ ಹೊಗೆಯನ್ನು ನೇರವಾಗಿ ಸಿಂಗಪುರಕ್ಕೆ ತಂದು ಸುರಿಯುತ್ತದೆ. 2013ರ ಜೂನ್ 21ರಂದು ಅಲ್ಲಿನ ವಾಯುಮಾಲಿನ್ಯ ಸೂಚ್ಯಂಕ 401ಕ್ಕೆ ಏರಿತು. 300 ದಾಟಿದರೆ ಅಪಾಯಕಾರಿ. 2015ರ ಸೆಪ್ಟೆಂಬರ್‌ನಲ್ಲಿ ಒಂದು ದಿನ ಶಾಲೆಗಳನ್ನೇ ಮುಚ್ಚಬೇಕಾಯಿತು. ಹೊಗೆಗೆ ಕಾರಣರಾದ ಸಂಸ್ಥೆಗಳನ್ನು, ಅವು ಯಾವ ದೇಶದಲ್ಲೇ ಇರಲಿ, ದಂಡಿಸಲು ಸಿಂಗಪುರ 2014ರಲ್ಲಿ ಕಾನೂನು ಮಾಡಿದೆ. ಗಾಳಿಗೆ ಮಾತ್ರ ಕಾನೂನು ತಿಳಿಯದು.

ತಾಳೆ ಎಣ್ಣೆಯನ್ನು ಜಗತ್ತಿನಲ್ಲಿ ಅತಿ ಹೆಚ್ಚು ಉತ್ಪಾದಿಸುವ ದೇಶ ಇಂಡೊನೇಷ್ಯಾ; ಅತಿ ಹೆಚ್ಚು ಆಮದು ಮಾಡಿಕೊಳ್ಳುವ ದೇಶ ಭಾರತ. ಪೇಟೆಯ ಬೇಕರಿಯ ಬಿಸ್ಕತ್ತಿನಲ್ಲಿ, ಬಸ್ ನಿಲ್ದಾಣದ ಬೋಂಡದ ಬಾಣಲೆಯಲ್ಲಿ, ಸ್ನಾನದ ಸಾಬೂನಿನಲ್ಲಿ ಅದು ಇದೆ. ತಾಳೆಯನ್ನು ಬೆಳೆಯುವ ಬಡ ಕೃಷಿಕನನ್ನು ದೂರಿ ಪ್ರಯೋಜನವಿಲ್ಲ. ಒಂದು ಎಕರೆಗೆ ಅಷ್ಟು ಎಣ್ಣೆ ಕೊಡುವ ಬೆಳೆ ಬೇರೊಂದಿಲ್ಲ. ಜೌಗನ್ನು ಬಸಿದು, ಕಾಡನ್ನು ಸುಟ್ಟು ಬೆಳೆದದ್ದು ಯಾವುದು, ಹಳೆಯ ತೋಟದಲ್ಲಿ ಬೆಳೆದದ್ದು ಯಾವುದು ಎಂದು ಕೇಳುವ ಗಿರಾಕಿ ಇಲ್ಲದಿರುವುದೇ ತೊಡಕು. ಆ ಪ್ರಶ್ನೆಯನ್ನು ಕೇಳಲು ಸಿಂಗಪುರಕ್ಕೆ ಹೋಗಬೇಕಿಲ್ಲ.

ಇಂದಿನ ರಾತ್ರಿಗೆ ಶಿಬಿರದ ವಿದ್ಯಾರ್ಥಿಗಳಿಗೆ ಮೂರು ಉಷ್ಣತಾಮಾಪಕಗಳನ್ನು ಕೊಡಲಾಗುವುದು. ಒಂದನ್ನು ಶಾಲೆಯ ತಾರಸಿಯ ಮೇಲೆ, ಒಂದನ್ನು ಹೆಂಚಿನ ಮನೆಯ ಜಗಲಿಯಲ್ಲಿ, ಇನ್ನೊಂದನ್ನು ಸೊಪ್ಪಿನಬೆಟ್ಟದ ಮರದಡಿ, ನೆಲದಿಂದ ಆಳೆತ್ತರದಲ್ಲಿ ತೂಗುಹಾಕಬೇಕು. ರಾತ್ರಿ ಎಂಟಕ್ಕೆ, ಹತ್ತಕ್ಕೆ ಮತ್ತು ಬೆಳಗಿನ ಐದಕ್ಕೆ ನೋಡಿ ಬರೆದುಕೊಳ್ಳಬೇಕು. ಮರದಡಿ ಹೋಗುವವರು ಬ್ಯಾಟರಿ ಹಿಡಿದು ಹೋಗಲಿ. ಉಂಬಳದ ಕಾಲ, ಸುಣ್ಣವೋ ಹೊಗೆಸೊಪ್ಪೋ ಜೊತೆಗಿರಲಿ. ಮೂರೂ ಅಂಕಿಗಳನ್ನು ನಾಳೆ ಬೆಳಿಗ್ಗೆ ಹಲಗೆಯ ಮೇಲೆ ಬರೆದು, ಅಲ್ಲಿಂದಲೇ ಮುಂದಿನ ಚರ್ಚೆಯನ್ನು ಆರಂಭಿಸಲಾಗುವುದು.